ಉಸಿರಕ್ಕ ಮತ್ತು ಮಾವನ ಕುರ್ಚಿ

ಆಕೆಯ ನಿಜವಾದ ಹೆಸರು ಆ ಬೀದಿಯಲ್ಲಿ ಈಗ ಯಾರ ಬಾಯಲ್ಲೂ ಇಲ್ಲ. ಯೋಗ ಕಲಿಸುವಾಗ ಮಾತುಮಾತಿಗೂ "ಉಸಿರು ಬಿಡಿ" ಅನ್ನುತ್ತಾಳೆಂದು ಯಾರೋ ತಮಾಷೆಗೆ ಉಸಿರಕ್ಕ ಎಂದರು, ಅದೇ ಅಂಟಿಕೊಂಡಿತು. ಒಮ್ಮೆ ತರಕಾರಿಯ ಬೆಲೆ ಕೇಳಿ ಅವಳೇ ಉಸಿರು ಬಿಗಿಹಿಡಿದು ನಿಂತಾಗ ಅಂಗಡಿಯವನು "ಬಿಡಿ ಅಕ್ಕಾ, ಮೊದ್ಲು ನೀವು ಬಿಡಿ" ಎಂದನಂತೆ. ಅವಳು ನಕ್ಕು ಬಿಟ್ಟಳು, ತರಕಾರಿಯನ್ನೂ ಬಿಟ್ಟು ಬಂದಳು.

ಮನೆಯ ಮುಂಭಾಗದಲ್ಲಿ ಅವಳ ಯಜಮಾನರ ಕಟಿಂಗ್ ಶಾಪು, ಹಿಂದೆ ಅಡುಗೆಮನೆ, ಮೇಲೆ ಒಂದು ಉದ್ದನೆಯ ಕೋಣೆ. ಹಿಂದೆ ಯಾರೋ ಅಲ್ಲಿ ಹಾಸಿಗೆಗೆ ಹತ್ತಿ ತುಂಬುತ್ತಿದ್ದರು. ಈಗಲೂ ಎಲ್ಲಿಂದಲೋ ಒಂದು ಎಳೆ ಹಾರಿ ಬಂದು, ಕಣ್ಣು ಮುಚ್ಚಿ ಮಲಗಿದವರ ಮೂಗಿನ ಮೇಲೆ ಕೂರುತ್ತದೆ. ಆ ಕೋಣೆಯೇ ಉಸಿರಕ್ಕನ ಯೋಗಶಾಲೆ.

ಅಲ್ಲಿಗೆ ಬರುವವರು ಬಳ್ಳಿಯ ಹಾಗೆ ಬಳುಕುವವರಲ್ಲ. ಹೊಲಿಗೆ ಯಂತ್ರ ತುಳಿದು ತುಳಿದು ಸೊಂಟ ಹಿಡಿದುಕೊಂಡ ದರ್ಜಿ ಚಿಕ್ಕಮ್ಮ, ಮಂಡಿ ಸವೆದ ನಿವೃತ್ತ ಅಂಚೆಯವರು, ಬೆನ್ನುನೋವಿನ ಬಡಗಿ, ಇಂಥವರೇ. ಅಂಚೆಯವರಿಗಂತೂ ಚಾಪೆಯಿಂದ ಏಳುವುದೇ ಒಂದು ಆಸನ. ಉಸಿರಕ್ಕ ಯಾರ ಮೈಯನ್ನೂ ಒತ್ತುವುದಿಲ್ಲ, ಎಳೆಯುವುದಿಲ್ಲ. ಬಗ್ಗಿದವರ ಕೈ ನೆಲಕ್ಕೆ ಸಿಗದಿದ್ದರೆ ಅಂಗೈ ಕೆಳಗೆ ಬಟ್ಟೆ ಸುತ್ತಿದ ಇಟ್ಟಿಗೆ ಇಡುತ್ತಾಳೆ. ಸಾಲದಿದ್ದರೆ ಅದರ ಮೇಲೆ ಇನ್ನೊಂದು. "ನೆಲ ಹುಡ್ಕೊಂಡು ನೀವು ಹೋಗ್ಬೇಡಿ. ನೆಲಾನೇ ನಿಮ್ಮ ಹತ್ರ ಬರ್ಲಿ" ಅನ್ನುತ್ತಾಳೆ.

ಈ ಮಾತಿನ ಹಿಂದೆ ಒಂದು ನೋವಿದೆ. ಹರೆಯದ ವಯಸ್ಸಿನಲ್ಲಿ ಅವಳು ನೂಲಿನ ಗಿರಣಿಯಲ್ಲಿ ದಿನವಿಡೀ ನಿಂತು ದುಡಿದವಳು. ಕಾಲುನೋವಿಗೆಂದು ಯೋಗ ಕಲಿಯಲು ಹೋದರೆ, ಅಲ್ಲಿನ ಗುರುಗಳು ಮರಕ್ಕೆ ಮೊಳೆ ಹೊಡೆಯುವ ಹುಮ್ಮಸ್ಸಿನವರು. "ಬಗ್ಗುತ್ತೆ, ಯಾಕೆ ಬಗ್ಗಲ್ಲ?" ಎನ್ನುತ್ತಾ ಅವಳ ಮಂಡಿಯನ್ನು ನೆಲಕ್ಕೆ ಒತ್ತಿದರು. ಮಂಡಿ ಬಗ್ಗಿತು, ಆಮೇಲೆ ಬಹಳ ಕಾಲ ಅವಳು ಕುಂಟಿದಳು. ಗುದ್ದಿ ಹಣ್ಣು ಮಾಡುವ ಕೆಲಸ ತನ್ನ ಕೈಯಿಂದ ಎಂದೂ ಆಗಬಾರದು ಎಂದು ಅಂದೇ ನಿಶ್ಚಯಿಸಿದಳು. ಬೇರೆ ಕಡೆ ಕಲಿತಳು, ನಿಧಾನವಾಗಿ ಕಲಿತಳು, ಹಾಗೇ ಕಲಿಸಿದಳು.

ಊರವರೆಲ್ಲ ಮೆಟ್ಟಿಲು ಹತ್ತಿ ಬಂದರೂ ಯಜಮಾನರು ಮಾತ್ರ ಒಂದು ದಿನವೂ ಹತ್ತಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. "ಉಸಿರು ಬಿಡೋಕೆ ಟೀಚರ್ ಯಾಕೆ? ಹುಟ್ಟಿದಾಗಿಂದ ಬಿಡ್ತಾನೇ ಇದೀನಿ" ಎಂದು ಗಿರಾಕಿಗಳ ಮುಂದೆ ನಗಾಡುತ್ತಿದ್ದರು. ಹಾಗೆಂದು ಪ್ರೀತಿಯಿಲ್ಲದ ಮನುಷ್ಯರಲ್ಲ. ಪ್ರೀತಿಯ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ, ಬಾಚಣಿಗೆಗೆ ಬರುತ್ತಿತ್ತು. ಅಂಗಡಿಗೆ ರಜೆಯಿರುವ ಮಧ್ಯಾಹ್ನ ಹೆಂಡತಿಯನ್ನು ತಮ್ಮ ಅಪ್ಪನ ಕಾಲದಿಂದ ಅಂಗಡಿಯಲ್ಲಿರುವ ಎತ್ತರದ ಮರದ ಕುರ್ಚಿಯಲ್ಲಿ ಕೂರಿಸಿ, ಕೂದಲು ಬಾಚಿ, ತುದಿ ಕತ್ತರಿಸುತ್ತಿದ್ದರು. ಉಸಿರಕ್ಕನಿಗೆ ಇಡೀ ವಾರದಲ್ಲಿ ಅದಕ್ಕಿಂತ ಸುಖದ ಹೊತ್ತು ಇನ್ನೊಂದಿರಲಿಲ್ಲ.

ಹೀಗಿರುವಾಗ ಅವರ ಬಲಭುಜ ಹಿಡಿದುಕೊಂಡಿತು. ಮೊದಮೊದಲು ಅಂಗಿ ತೊಡುವಾಗ ಚುರುಕ್ ಎನ್ನುತ್ತಿದ್ದದ್ದು, ಬರಬರುತ್ತಾ ಕೈಯನ್ನು ಎದೆಗಿಂತ ಮೇಲೆ ಎತ್ತಲಾಗದಷ್ಟಾಯಿತು. "ಕೀಲು ಬಿಗಿದುಕೊಂಡಿದೆ. ತಾನಾಗಿ ಸಡಿಲವಾಗುತ್ತೆ, ಆದ್ರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಮೆಲ್ಲಗೆ ಆಡಿಸ್ತಾ ಇರಿ, ಬಲವಂತ ಬೇಡ" ಎಂದರು ಡಾಕ್ಟರು. "ಮನೇಲೇ ಟೀಚರ್ ಇದಾರಲ್ಲ!" ಎಂದು ಬೇರೆ ಸೇರಿಸಿದರು. ಯಜಮಾನರು ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದರು.

ಕ್ಷೌರಿಕನ ಕೈ ತಲೆಯವರೆಗೆ ಏಳದಿದ್ದರೆ ಅವನ ಅಂಗಡಿ ಏನಾಗಬೇಕು? ಅಂಚೆಯವರ ತಲೆ ಒಂದು ಕಡೆ ಏರು, ಒಂದು ಕಡೆ ಇಳಿಜಾರಾಯಿತು. ಪಾಪ, ಅವರು ಏನೂ ಅನ್ನದೆ ಟೋಪಿ ಹಾಕಿಕೊಂಡು ಓಡಾಡಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ ಯಜಮಾನರು "ಇದು ಈಗಿನ ಫ್ಯಾಷನ್ನು" ಅಂದರು. ಹೆಂಡತಿ ಕೈ ಆಡಿಸಲು ಹೇಳಿದರೆ ಪೇಪರು ಎತ್ತಿಕೊಳ್ಳುತ್ತಿದ್ದರು. ರಜೆಯ ಮಧ್ಯಾಹ್ನದ ಬಾಚಣಿಗೆಯೂ ನಿಂತಿತು. ಉಸಿರಕ್ಕ ಕೂದಲನ್ನು ಗಂಟು ಕಟ್ಟಿಕೊಂಡು ಓಡಾಡಿದಳು, ಅವರಿಗೆ ನೆನಪಾಗದಿರಲಿ ಎಂದು.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಬೆಳಗಿನ ಟೀ ಮಾಡುವುದು ಯಜಮಾನರ ಕೆಲಸ. ಟೀಪುಡಿಯ ಡಬ್ಬಿಯನ್ನು ಒಲೆಯ ಪಕ್ಕದಿಂದ ತೆಗೆದು, ಮೇಲೆ ಗೋಡೆಗೆ ಹೊಡೆದ ಹಲಗೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಲ್ಲಿಟ್ಟಳು. ಕೆಲವು ದಿನ ಬಿಟ್ಟು ಅದರ ಮೇಲಿನದರಲ್ಲಿ. ಅವರು ಗೊಣಗುತ್ತಾ ಬಲಗೈಯನ್ನೇ ಚಾಚುತ್ತಿದ್ದರು. "ಈ ಮನೇಲಿ ಡಬ್ಬಿಗೂ ಕಾಲು ಬಂದಿದೆ" ಎನ್ನುತ್ತಿದ್ದರು. ಕೈ ಒಂದಿಷ್ಟು, ಒಂದೇ ಇಷ್ಟು, ಮೇಲೆ ಹೋಗತೊಡಗಿತ್ತು. ಅವಳು ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಆದರೆ ಒಂದು ದಿನ ಅವಳು ಅಂಗಡಿಯಲ್ಲಿ ಇಣುಕಿದಾಗ, ಗಂಡ ಖಾಲಿ ಕುರ್ಚಿಯ ಧೂಳು ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಅವಳಿಂದ ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಡಬ್ಬಿಯನ್ನು ಸೀದಾ ಎಲ್ಲಕ್ಕಿಂತ ಮೇಲಿನ ಹಲಗೆಗೆ ಏರಿಸಿಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ. ಅವಳು ಮೇಲೆ ಚಾಪೆ ಹಾಸುತ್ತಿದ್ದಾಗ ಕೆಳಗಿನಿಂದ ಡಬ್ಬಿ ಬಿದ್ದ ಸದ್ದು ಕೇಳಿತು. ಅದರ ಹಿಂದೆಯೇ ಅವರ ಕೂಗು.

ಓಡಿ ಬಂದರೆ, ಯಜಮಾನರು ಭುಜ ಹಿಡಿದುಕೊಂಡು ಚೆಲ್ಲಿದ ಟೀಪುಡಿಯ ನಡುವೆ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಮೇಲೆ ಎಲ್ರಿಗೂ ನೋವು ಬಂದಲ್ಲಿ ನಿಲ್ಸಿ ಅಂತೀಯ," ಎಂದರು. "ನಂಗೆ ಮಾತ್ರ ಡಬ್ಬಿ ಅಟ್ಟಕ್ಕೇರಿಸ್ತೀಯ. ಗೊತ್ತಾಗಲ್ಲ ಅನ್ಕೊಂಡಿದ್ಯಾ? ಮೊದಲನೇ ದಿನಾನೇ ಗೊತ್ತಾಯ್ತು ಕಣೇ. ಹೋಗ್ಲಿ, ಆಸೆ ಪಡ್ತಾಳೆ ಅಂತ ಚಾಚ್ತಿದ್ದೆ."

ಅವಳಿಗೆ ಅಳು ಉಕ್ಕಿ ಬಂತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಜನ ಆಡಿಕೊಳ್ಳುವುದು ತನ್ನಂಥವರನ್ನೇ ನೋಡಿ ಅನ್ನಿಸಿತು. ಮಂಡಿ ಒತ್ತಿದ ಆ ಗುರುಗಳಿಗೂ ತನಗೂ ಈಗ ಏನು ವ್ಯತ್ಯಾಸ?

ಅಷ್ಟು ದಿನ ಬಂದಿದ್ದ ಗುಣವೂ ಹಿಂದಕ್ಕೆ ಹೋಯಿತು. ಯಜಮಾನರು ಅಂಗಡಿಯ ಬಾಗಿಲು ತೆರೆಯುವುದನ್ನೇ ಬಿಟ್ಟರು. ಒಂದು ಸಂಜೆ, ಹವಾಮಾನದ ವಿಷಯ ಹೇಳುವ ಹಾಗೆ, "ಮುಚ್ಚಿಬಿಡೋಣ. ಸಾಕು" ಎಂದರು. ಮಗು ಅತ್ತರೆ ಸಮಾಧಾನ ಮಾಡಬಹುದು, ಗಂಡಸು ಹೀಗೆ ತಣ್ಣಗೆ ಮಾತಾಡಿದರೆ ಏನು ಮಾಡುವುದು? ಬೀದಿಯ ಪ್ರತಿಯೊಂದು ತಲೆಯ ಸುಳಿ ಎಲ್ಲಿದೆ ಎಂದು ಬಲ್ಲ ಮನುಷ್ಯ. ಅಂಗಡಿ ಮುಚ್ಚಿದರೆ ಇವರು ಇದ್ದೂ ಇಲ್ಲದಂತಾಗುತ್ತಾರೆ ಎಂದು ಅವಳಿಗೆ ಹೆದರಿಕೆಯಾಯಿತು.

ಮರುದಿನ ತರಗತಿಯಲ್ಲಿ ದರ್ಜಿ ಚಿಕ್ಕಮ್ಮ ಬಗ್ಗಿದ್ದಳು. ಕೈ ಗಾಳಿಯಲ್ಲಿ ನೇತಾಡುತ್ತಿತ್ತು. ಉಸಿರಕ್ಕ ಅಭ್ಯಾಸಬಲದಿಂದ ಇಟ್ಟಿಗೆ ತಂದು ಅಂಗೈ ಕೆಳಗೆ ಸರಿಸಿದಳು. "ನೆಲಾನೇ ನಿಮ್ಮ ಹತ್ರ ಬರ್ಲಿ ಚಿಕ್ಕಮ್ಮ" ಎಂದವಳು ಹಾಗೇ ಕುಕ್ಕರುಗಾಲಲ್ಲಿ ಉಳಿದುಬಿಟ್ಟಳು.

"ಏನಮ್ಮಾ, ನಿಂಗೂ ಸೊಂಟ ಹಿಡೀತಾ?" ಎಂದಳು ಚಿಕ್ಕಮ್ಮ, ತಲೆಕೆಳಗಾಗಿಯೇ.

"ಇಲ್ಲ. ಬುದ್ಧಿ ಬಂತು," ಎಂದು ಉಸಿರಕ್ಕ ಬಡಗಿಯತ್ತ ತಿರುಗಿದಳು. "ಅಣ್ಣಾ, ಕುರ್ಚಿ ಕಾಲು ಕೊಯ್ದು ಗಿಡ್ಡ ಮಾಡೋಕಾಗುತ್ತಾ?"

"ಯಾವ್ ಕುರ್ಚಿ?"

ಅವಳು ಹೇಳಿದಳು. ಬಡಗಿ ಕೆನ್ನೆ ಕೆರೆದುಕೊಂಡ. "ಕೊಯ್ಯೋದೇನೋ ಸುಲಭ. ಕೇಳೋರು ಯಾರು?"

ಈ ಸಲ ಕಳ್ಳಾಟ ಬೇಡವೆಂದು, ಬಡಗಿಯನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿ, ಅವಳೇ ಕೇಳಿದಳು. ಯಜಮಾನರು ಖಾಲಿ ಅಂಗಡಿಯಲ್ಲಿ, ಗಿರಾಕಿಗಳು ಕಾಯುವ ಸ್ಟೂಲಿನ ಮೇಲೆ ಕೂತಿದ್ದರು.

"ಅಪ್ಪನ ಕುರ್ಚಿಗೆ ಗರಗಸ ಹಾಕ್ತೀಯಾ?" ಎಂದು ಸಿಡಿದರು. "ನಿಂಗೆ ತಲೆ ಕೆಟ್ಟಿದೆ."

ಅವಳು ವಾದಕ್ಕಿಳಿಯಲಿಲ್ಲ. ಸ್ಟೂಲಿನ ಮುಂದೆ ನೆಲದ ಮೇಲೆ ಅವರಿಗೆ ಬೆನ್ನು ಹಾಕಿ ಕೂತಳು. ಕೂದಲ ಗಂಟು ಬಿಚ್ಚಿದಳು.

"ನಿಮ್ಮ ಕೈ ಮೇಲಕ್ಕೆ ಬರ್ಲಿ ಅಂತ ಹಟ ಹಿಡಿದೆ, ಅದು ನನ್ನ ತಪ್ಪು ರೀ. ತಲೆ ಕೆಳಗೆ ಬರ್ಲಿ. ಇಲ್ಲಿ ಸಿಗುತ್ತಾ ನೋಡಿ."

ಬೀದಿಯಲ್ಲಿ ಒಂದು ಸೈಕಲ್ಲಿನ ಗಂಟೆ ಕೇಳಿಸಿತು. ಆಮೇಲೆ ನೆತ್ತಿಯ ಮೇಲೆ ಬಾಚಣಿಗೆ ಕೂತಿತು. ಕೂತಿದ್ದವರ ಮೊಣಕೈ ಎದೆಗಿಂತ ಮೇಲೆ ಏಳಬೇಕಾಗಿರಲಿಲ್ಲ. ನೆತ್ತಿಯಿಂದ ಬೆನ್ನಿನವರೆಗೆ ಬಾಚಣಿಗೆ ಸಿಕ್ಕು ಬಿಡಿಸುತ್ತಾ ಇಳಿಯಿತು, ಭುಜ ಎಲ್ಲೂ ತಡೆಯಲಿಲ್ಲ.

"ಎಷ್ಟು ಸಿಕ್ಕು ಮಾಡ್ಕೊಂಡಿದೀಯ," ಎಂದರು ಯಜಮಾನರು. ಉಸಿರಕ್ಕ ತಿರುಗಿ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದರು.

ತುದಿ ಕತ್ತರಿಸಿ ಮುಗಿಸಿ, ಹೆಗಲ ಮೇಲಿನ ಕೂದಲು ಕೊಡವಿ, ಅವರು ಎದ್ದು ಕುರ್ಚಿಯ ಹತ್ತಿರ ಹೋದರು. ಅದರ ತೋಳನ್ನು ಒಮ್ಮೆ ಸವರಿದರು. ಬಾಗಿಲಲ್ಲಿ ನಿಂತಿದ್ದ ಬಡಗಿಯ ಕಿವಿಯಿಂದ ಪೆನ್ಸಿಲನ್ನು ತಾವೇ ಎಳೆದುಕೊಂಡು ನಾಲ್ಕೂ ಕಾಲಿಗೆ ಗುರುತು ಹಾಕಿದರು. "ಇಲ್ಲಿಗೆ. ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಆಗ್ಬಾರ್ದು."

ಈಗ ಅಂಗಡಿ ತೆರೆದಿದೆ. ಯಜಮಾನರು ಸ್ಟೂಲಿನ ಮೇಲೆ ಕೂತೇ ಕತ್ತರಿ ಆಡಿಸುತ್ತಾರೆ. ಉದ್ದ ಕಾಲಿನ ಗಿರಾಕಿಗಳ ಮಂಡಿ ಗಲ್ಲಕ್ಕೆ ತಾಗುತ್ತದೆ. ಅಂಚೆಯವರು "ಇಲ್ಲಿ ಕಟಿಂಗ್ ಜೊತೆ ಯೋಗಾನೂ ಆಗುತ್ತೆ" ಎಂದು ಊರೆಲ್ಲ ಸಾರಿದ್ದಾರೆ, ಟೋಪಿ ಇಲ್ಲದೆ.

ಕುರ್ಚಿ ಕೊಯ್ದ ಕೆಲವು ದಿನಗಳ ಮೇಲೆ, ಬೆಳಗಿನ ತರಗತಿ ನಡೆಯುತ್ತಿದ್ದಾಗ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯಜಮಾನರು ಎಡಗೈಯಲ್ಲಿ ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಅದರಲ್ಲಿ ಕುರ್ಚಿಯ ಕಾಲಿನ ನಾಲ್ಕು ದಪ್ಪ ತುಂಡುಗಳಿದ್ದವು. ಅವುಗಳ ಅಂಚನ್ನೆಲ್ಲ ಅವರು ಕೂತು ಉಜ್ಜಿ ನಯ ಮಾಡಿದ್ದರು.

"ಒಲೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ನಿನ್ನ ಇಟ್ಟಿಗೆ ಬದ್ಲು ಇಟ್ಕೋ," ಎಂದರು.

ಕೊಟ್ಟು ಇಳಿದು ಹೋಗುತ್ತಾರೆ ಎಂದುಕೊಂಡಳು. ಅವರು ಹೋಗಲಿಲ್ಲ. ಗೋಡೆಯ ಪಕ್ಕದ ಕೊನೆಯ ಚಾಪೆಯ ಮೇಲೆ ಕೂತರು. ಎಲ್ಲರೂ ಕೈ ಎತ್ತಿದಾಗ ತಾವೂ ಎತ್ತಿದರು. ಬಲಗೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಉಸಿರಕ್ಕನ ನಾಲಿಗೆಯ ತುದಿಗೆ "ಇನ್ನೊಂಚೂರು" ಎಂಬ ಮಾತು ಬಂದಿತ್ತು. ಅದನ್ನು ನುಂಗಿಕೊಂಡು ಹತ್ತಿರ ಹೋಗಿ, ಮಾವನ ಕುರ್ಚಿಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಅವರ ಮೊಣಕೈ ಕೆಳಗೆ ಆಸರೆಯಾಗಿ ಇಟ್ಟಳು.

"ಇಷ್ಟೇ ಸಾಕಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಸಾಕು ರೀ. ಉಸಿರು ಬಿಡಿ."

ಅವರು ಬಿಟ್ಟರು.