ಮಂಗಳದ ಸುಂಟರಗಾಳಿ ಮತ್ತು ನಮ್ಮ ಮೇಡಂ

ಮೇಡಂ ಅವರ ಕೊರಳಲ್ಲಿ, ಬಲಗಿವಿಯ ಕೆಳಗಿನಿಂದ ಗಂಟಲ ಗುಳಿಯವರೆಗೆ, ಮಾಸಲು ಬಿಳುಪಿನ ಹೊಲಿಗೆಯ ಗೆರೆಯೊಂದಿತ್ತು. ಚಿಕ್ಕಂದಿನಲ್ಲಿ ಆದ ಶಸ್ತ್ರಚಿಕಿತ್ಸೆ. ಅಂದಿನಿಂದ ದನಿ ಒಡೆದು, ಪಿಸುಮಾತಿಗಿಂತ ತುಸುವೇ ಮೇಲೆ ನಿಂತುಬಿಟ್ಟಿತ್ತು. ಹಾಗಾಗಿ ತರಗತಿಗೆ ಬಂದವರೇ ಮೊದಲು ಫ್ಯಾನ್ ಬಂದ್ ಮಾಡುತ್ತಿದ್ದರು. ಶಹಾಪುರದ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದೆಂದರೇನು ಎಂಬುದು ಕೂತವರಿಗೇ ಗೊತ್ತು. ಯಾರಾದರೂ ಗೊಣಗಿದರೆ, "ಬೆವರು ಆಮ್ಯಾಲ ಒರಸ್ಕೋಬಹುದು. ಕೇಳದ ಮಾತು ಆಮ್ಯಾಲ ಸಿಗಂಗಿಲ್ಲ" ಎನ್ನುತ್ತಿದ್ದರು. ನಾವು ಬೆವರುತ್ತಲೇ ಭೌತಶಾಸ್ತ್ರ ಕಲಿತೆವು.

ಮೇಡಂ ಸುರಪುರದವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮೆಲ್ಲರ ಕನ್ನಡ. ಮದುವೆಯಾಗಿರಲಿಲ್ಲ, ತಾಯಿ ಮಗಳು ಇಬ್ಬರೇ. ಶಹಾಪುರದ ನಮ್ಮ ಖಾಸಗಿ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕೆಲಸ ಕಾಯಂ ಅಲ್ಲ. ವರ್ಷ ವರ್ಷವೂ ಆಡಳಿತ ಮಂಡಳಿ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ಚೀಲದಲ್ಲಿ ಸದಾ ಹುರಿದ ಶೇಂಗಾ ಇರುತ್ತಿತ್ತು. ಪಾಠ ಮುಗಿದ ಮೇಲೆ ಬೇರೆಯವರ ಹಾಗೆ "ತಿಳೀತೇನು?" ಎಂದು ಕೇಳುತ್ತಿರಲಿಲ್ಲ. "ಎಲ್ಲಿ ತಿಳೀಲಿಲ್ಲ?" ಎಂದು ಕೇಳುತ್ತಿದ್ದರು. ತಿಳಿಯದ ಜಾಗವೊಂದು ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಬಹಳ ಜನ ಝೆರಾಕ್ಸ್ ಅಂಗಡಿಯಲ್ಲಿ ಸಿದ್ಧಪ್ರತಿ ಕೊಂಡು ತಂದರು. ಬಳಿಚಕ್ರದಿಂದ ಬರುತ್ತಿದ್ದ ನನ್ನನ್ನು ಮೇಡಂ ಲ್ಯಾಬಿನ ಕಂಪ್ಯೂಟರ್ ಮುಂದೆ ಕೂರಿಸಿದರು. ಮಂಗಳ ಗ್ರಹದ ಮೇಲೆ ಇಳಿದಿದ್ದ ನೌಕೆಯೊಂದು ಕಳಿಸಿದ ಮಾಹಿತಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿತ್ತು. ನೌಕೆಯಲ್ಲಿ ನೆಲದ ನಡುಕ ಅಳೆಯುವ ಕಂಪನಮಾಪಕವಿತ್ತು. ಗಾಳಿಯ ವೇಗ, ಒತ್ತಡ ಅಳೆಯುವ ಹವಾಮಾನದ ಉಪಕರಣಗಳೂ ಇದ್ದವು.

"ಕಂಪನಮಾಪಕ ಭಾಳ ಸೂಕ್ಷ್ಮ, ಬೇಟಿ. ನೆಲ ನಡುಗಿದ್ರೂ ಗೆರಿ ಬರೀತದ, ಗಾಳಿ ಬಡದ್ರೂ ಗೆರಿ ಬರೀತದ. ಅದೊಂದರ ಮಾತು ಕೇಳಿ ತೀರ್ಪು ಕೊಡಬಾರದು. ಗಾಳೀನೂ ಕರದು ಕೇಳಬೇಕು" ಎಂದರು.

ಎರಡೂ ಉಪಕರಣಗಳ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡುವುದೇ ನಮ್ಮ ಕೆಲಸ. ಮೇಲೆ ನೆಲ, ಕೆಳಗೆ ಗಾಳಿ. ಎರಡೂ ಒಟ್ಟಿಗೆ ಎದ್ದರೆ ಅದು ಗಾಳಿಯ ಆಟ. ಗಾಳಿ ಸುಮ್ಮನಿದ್ದು ನೆಲದ ಗೆರೆ ಮಾತ್ರ ಎದ್ದರೆ, ಅದು ಮಂಗಳದ ಭೂಕಂಪವಿರಬಹುದು. ಸಂಕ್ರಾಂತಿ ಕಳೆದ ಮೇಲೆ ಅಂಥದೊಂದು ಸಿಕ್ಕಿತು. ನೆಲದ ಗೆರೆ ದೊಡ್ಡದಾಗಿ ಎದ್ದು ಇಳಿದಿತ್ತು, ಗಾಳಿಯ ಗೆರೆ ನಿದ್ದೆ ಮಾಡುತ್ತಿತ್ತು. ವಿಜ್ಞಾನಿಗಳು ಮಾಡಿಟ್ಟ ಮಂಗಳದ ಭೂಕಂಪಗಳ ಪಟ್ಟಿಯಲ್ಲಿ ಆ ನಡುಕ ಇರಲೇ ಇಲ್ಲ. ಮೇಡಂ ಬಹಳ ಹೊತ್ತು ನೋಡಿ, "ಇರಬಹುದು" ಎಂದಷ್ಟೇ ಹೇಳಿದರು.

ಆ "ಇರಬಹುದು" ಪ್ರಿನ್ಸಿಪಾಲರ ಕೋಣೆ ಮುಟ್ಟುವಷ್ಟರಲ್ಲಿ "ಇದೆ" ಆಯಿತು. ಪತ್ರಿಕೆಯೊಂದರಲ್ಲಿ ನಮ್ಮಿಬ್ಬರ ಫೋಟೊ ಬಂತು. ಕಾಲೇಜಿನಲ್ಲಿ ಸನ್ಮಾನ ಎಂದಾಯಿತು. ಮೇಡಂ ಅವರ ಕೆಲಸ ಕಾಯಂ ಆಗುತ್ತದೆ ಎಂಬ ಸುದ್ದಿಯೂ ಹಬ್ಬಿತು. ನನ್ನ ಅಪ್ಪ ಟಂಟಂ ಆಟೊ ಮಾಡಿಕೊಂಡು ಓಣಿಯವರನ್ನೆಲ್ಲ ಕರೆತರಲು ಸಿದ್ಧನಾದ.

ಸನ್ಮಾನದ ಬೆಳಿಗ್ಗೆ ಮೇಡಂ ನನ್ನನ್ನು ಲ್ಯಾಬಿಗೆ ಕರೆದರು. ಕಣ್ಣು ಕೆಂಪಾಗಿದ್ದವು.

"ತಪ್ಪಾಗ್ಯದ" ಎಂದರು. "ಮಂಗಳದ ದಿನ ನಮ್ಮ ದಿನಕ್ಕಿಂತ ಸುಮಾರು ನಲವತ್ತು ನಿಮಿಷ ದೊಡ್ಡದು. ನೆಲದ ಗೆರಿ ಭೂಮಿ ಗಡಿಯಾರದಾಗ ಇತ್ತು, ಗಾಳಿ ಗೆರಿ ಮಂಗಳದ ಗಡಿಯಾರದಾಗ. ಮೊದಲ್ನೇ ದಿನ ಎರಡೂ ಹೊಂದಿಸಿದೆ. ಅದ ಲೆಕ್ಕ ಮುಂದಿನ ದಿನಕ್ಕೂ ಹಾಕ್ಕೋತ ಹೋಗೀನಿ. ಗಾಳಿ ಗೆರಿ ದಿನಾ ಅಷ್ಟಷ್ಟು ದೂರ ಜರಗ್ಯದ."

ಸರಿಪಡಿಸಿದ ಗೆರೆಗಳನ್ನು ತೋರಿಸಿದರು. ನೆಲದ ಗೆರೆ ಎದ್ದ ಕ್ಷಣದಲ್ಲೇ ಗಾಳಿಯ ಒತ್ತಡ ಥಟ್ಟನೆ ಕುಸಿದಿತ್ತು. ಅದು ಭೂಕಂಪವಲ್ಲ.

ಹೊರಗೆ ಶಾಮಿಯಾನ ಕಟ್ಟುತ್ತಿದ್ದರು. ನನಗೆ ಅಳುವೇ ಬಂತು. "ಇವತ್ತೊಂದಿನ ಸುಮ್ಮನಿರ್ರಿ ಮೇಡಂ. ನಾಳಿ ಹೇಳೋಣ್ರಿ" ಎಂದೆ.

"ಇವತ್ತು ಹೇಳಿದ್ರ ಅದು ತಪ್ಪು, ಅಷ್ಟ. ಶಾಲು ಹೊದಿಸ್ಕೊಂಡು ನಾಳಿ ಹೇಳಿದ್ರ ಸುಳ್ಳಾಗ್ತದ."

ಸಭೆಯಲ್ಲಿ ಅವರು ಮೈಕಿನ ಮುಂದೆ ನಿಂತು ಫ್ಯಾನುಗಳನ್ನು ಬಂದ್ ಮಾಡಿಸಿದರು. ವೇದಿಕೆಯ ಮೇಲಿದ್ದ ಮುಖಂಡರು ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳತೊಡಗಿದರು. ಮೇಡಂ ಎರಡೇ ಮಾತು ಹೇಳಿದರು: ನಾವು ಕಂಡದ್ದು ಭೂಕಂಪವಲ್ಲ, ಗಾಳಿ. ಹುಡುಗಿ ನಾನು ಹೇಳಿದಂತೆ ಮಾಡಿದ್ದಾಳೆ, ಲೆಕ್ಕ ತಪ್ಪಿದ್ದು ನನ್ನದು. ಶಾಲು ತಟ್ಟೆಯಲ್ಲೇ ಉಳಿಯಿತು. ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿದರು.

ಕೆಳಗಿಳಿದ ಮೇಲೆ ಅಪ್ಪ ಬಂದು ಸಂಕೋಚದಿಂದ ಕೇಳಿದ: "ಭೂಕಂಪ ಅಲ್ಲಂದ್ರ ಮತ್ತ ಅದು ಏನ್ರಿ ಮೇಡಂ?"

"ಸುಂಟರಗಾಳಿ, ಅಣ್ಣಾರ. ಬ್ಯಾಸಿಗ್ಯಾಗ ನಿಮ್ಮ ಹೊಲದಾಗ ಧೂಳು ತಿರುವ್ಕೋತ ಹೋಗ್ತದಲ್ಲ, ಅಂಥಾದ್ದ. ನೌಕಾದ ಬಾಜೂಕ ಹಾದು ಹೋಗ್ಯದ. ಅದರ ನಡುವ ಒತ್ತಡ ಕಮ್ಮಿ ಇರ್ತದ, ಅದಕ್ಕ ಕೆಳಗಿನ ನೆಲ ಒಂಚೂರು ಮ್ಯಾಲೆದ್ದು ವಾಲ್ತದ. ಕಂಪನಮಾಪಕ ಅದನ್ನ ಹಿಡದದ."

ಅಪ್ಪ ಸ್ವಲ್ಪ ಯೋಚಿಸಿ, "ನಮ್ಮ ಹೊಲದಾಗ ಏಳೂದನ್ನ ನೋಡಾಕ ಅಷ್ಟು ದೂರ ಹೋಗ್ಯಾರೇನ್ರಿ!" ಎಂದ. ಮೇಡಂ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕರು.

ಪ್ರಿನ್ಸಿಪಾಲರು ನಗಲಿಲ್ಲ. "ಕಾಲೇಜಿನ ಮಾನ ಹರಾಜಿಗಿಟ್ರಿ" ಎಂದರು. ಮುಂದಿನ ವರ್ಷ ಮೇಡಂಗೆ ಕರೆ ಬರಲಿಲ್ಲ. ಅವರು ಸುರಪುರದ ಮನೆಯಲ್ಲೇ ಟ್ಯೂಷನ್ ಶುರು ಮಾಡಿದರು. ನಾನು ಎಂ.ಎಸ್ಸಿ.ಗೆ ಕಲಬುರಗಿ ಸೇರಿದರೂ ರಜೆಯಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಇಬ್ಬರೂ ಮೊದಲಿನಿಂದ ಎಲ್ಲವನ್ನೂ ಮತ್ತೆ ಹೊಂದಿಸಿದೆವು. ಈ ಸಲ ಭೂಕಂಪ ಹುಡುಕಲಿಲ್ಲ, ಸುಂಟರಗಾಳಿಗಳನ್ನೇ ಹುಡುಕಿದೆವು. ಒತ್ತಡ ಇಷ್ಟು ಕುಸಿದಾಗ ನೆಲ ಎಷ್ಟು ವಾಲಿತು ಎಂದು ನೋಡಿದರೆ, ಅಲ್ಲಿನ ಮಣ್ಣು ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ. ದೊಡ್ಡ ವಿಜ್ಞಾನಿಗಳು ಇದನ್ನು ಮೊದಲೇ ಮಾಡಿದ್ದರು, ನಮ್ಮದು ಹೊಸದೇನಲ್ಲ. ಆದರೆ ನಮ್ಮ ಉತ್ತರ ಅವರ ಉತ್ತರದ ಹತ್ತಿರ ಬಂದ ದಿನ ಮೇಡಂ ಶೇಂಗಾದ ಪೊಟ್ಟಣವನ್ನೇ ನನ್ನ ಕೈಗಿಟ್ಟು, "ಎಲ್ಲಾ ನೀನ ತಿನ್ನು" ಎಂದರು. ಅವರಿಂದ ನಾನು ಪಡೆದ ಸನ್ಮಾನ ಅದೇ.

ಈಗ ನಾನು ಸೈದಾಪುರದ ಕಡೆ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹೋದ ವರ್ಷ, ಮಳೆಗಾಲ ಶುರುವಾದ ಹೊಸದರಲ್ಲಿ, ಮೇಡಂ ಹೃದಯಾಘಾತದಿಂದ ತೀರಿಕೊಂಡರು. ನಾನು ಸುರಪುರ ಮುಟ್ಟುವಷ್ಟರಲ್ಲಿ ಗಂಡಸರು ಮಣ್ಣು ಮಾಡಲು ಹೋಗಿದ್ದರು. ಮನೆಯಲ್ಲಿ ಹೆಂಗಸರಷ್ಟೇ ಕೂತಿದ್ದರು. ಅವರ ತಾಯಿ, ನಾನು ಅಮ್ಮಿ ಎನ್ನುತ್ತಿದ್ದವರು, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀವಿಬ್ಬರೂ ಆ ಕಂಪ್ಯೂಟರ್ದಾಗ ಏನ್ ನೋಡ್ತಿದ್ರಿ, ಬೇಟಿ? ಕೇಳಿದ್ರ, ನಿನಗ ತಿಳಿಯಂಗಿಲ್ಲ ಅಮ್ಮಿ ಅಂತಿದ್ಳು."

ನಾನು ಹೇಳಿದೆ. ಅಮ್ಮಿ ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು. "ಅಲ್ಲೂ ಗಾಳಿ ಬೀಸ್ತದೇನು?"

"ಬೀಸ್ತದ್ರಿ ಅಮ್ಮಿ. ಭಾಳ ತೆಳ್ಳಗ. ಆದ್ರ ಧೂಳು ಎಬ್ಬಸ್ತದ."

ಅಮ್ಮಿ ಉಳಿದ ಹೆಂಗಸರನ್ನು ಹತ್ತಿರ ಕರೆದು, ಮೊದಲಿನಿಂದ ಹೇಳು ಎಂದರು. ಹೇಳುತ್ತ ಹೋದೆ. ಸಭೆಯ ಸಂಗತಿ ಬಂದಾಗ ಬಿಟ್ಟುಬಿಡಲೇ ಎನಿಸಿತು. ಬಿಡಲಿಲ್ಲ, ಕೆಲಸ ಹೋದದ್ದನ್ನೂ ಹೇಳಿದೆ. ಅಮ್ಮಿ ನನ್ನ ಕೈ ಬಿಗಿಯಾಗಿ ಹಿಡಿದರು.

"ಅದಕ್ಕೇನು ಕೆಲಸ ಹೋಗಿದ್ದು? ಬಸ್ಸಿನ ತ್ರಾಸು ತಾಳಲಾರದ ನಾನ ಬಿಟ್ಟೆ ಅಂದಿದ್ಳು ನನ್ನ ಮುಂದ." ಅಮ್ಮಿ ಸುತ್ತಲಿನವರನ್ನು ನೋಡಿದರು. "ಊರ ಮುಂದ ಖರೆ ಹೇಳಿದಾಕಿ, ಹಡದಾಕಿಗೆ ಸುಳ್ಳು ಹೇಳ್ಯಾಳ ನೋಡ್ರಿ!"

ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ಮರುಗಳಿಗೆಯೇ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈ ಬಿಡದೆ, "ಹೇಳು ಬೇಟಿ, ಆಮ್ಯಾಲ ಏನಾಯ್ತು?" ಎಂದರು.