ತಾತ ಕೂತಿದ್ದ ಇಂಜಿನ್ ಹುಡುಕಿ ಹೋದದ್ದು

ಹೋದ ವರ್ಷ ನಿಮ್ಮ ಸವಿತಕ್ಕನ ಮದುವೆಗೆ ತಾತನ ಜೊತೆ ಕೆಲಸ ಮಾಡಿದ್ದ ರೈಲ್ವೆ ಮಿಸ್ತ್ರಿಯೊಬ್ಬರು ಕಲ್ಲೂರಿನ ನಮ್ಮ ಮನೆಗೆ ಬಂದಿದ್ದರು, ನೆನಪಿದೆಯಾ ಮಕ್ಕಳೇ? ಊಟಕ್ಕೆ ಕೂತವರು ಮಾತಿಗೆ ಮಾತು ಬಂದು, "ಆ ಇಂಜಿನ್ ರಿಪೇರಿಯಾಗಿ ಈಗಲೂ ಓಡ್ತಾ ಇದೆ ಅಕ್ಕ" ಎಂದುಬಿಟ್ಟರು.

ನಿಮ್ಮ ತಾತ ಡೀಸೆಲ್ ಇಂಜಿನ್ನಿನ ಸಹಾಯಕ ಚಾಲಕರಾಗಿದ್ದರು. ಘಾಟಿಯಲ್ಲಿ ಬಂಡೆಗೆ ಬಡಿದು ಇಂಜಿನ್ ಉರುಳಿದಾಗ ಅದರೊಳಗೇ ತೀರಿಕೊಂಡರು. ನಮ್ಮ ಮನೆತನದಲ್ಲಿ ಹಾಗೆ ಹೊರಗೆ ಸತ್ತವರನ್ನು, ಸತ್ತ ಜಾಗದಲ್ಲಿ ಹಾಲೆರೆದು ಕರೆದು, ಬಾಯಿಬಿಟ್ಟು ದಾರಿ ಹೇಳುತ್ತಾ ಮನೆಗೆ ತರಬೇಕು. ನಾವು ಹಳಿಯ ಪಕ್ಕದ ಮಣ್ಣಿಗೆ ಹಾಲೆರೆದು ಬಂದಿದ್ದೆವು.

ಮಿಸ್ತ್ರಿಯ ಮಾತು ಕೇಳಿ ತಾತನ ಅಕ್ಕ ನನ್ನನ್ನು ಒಳಗೆ ಕರೆದರು. "ಮಣ್ಣಿಗೆ ಎರೆದು ಏನು ಬಂತು ಹೆಣ್ಣೇ? ಅವ್ನು ಮಣ್ಣಲ್ಲಿ ಸತ್ತನಾ? ಇಂಜಿನ್ ಓಡ್ತಾ ಇದ್ರೆ ಅವ್ನೂ ಓಡ್ತಾ ಇರ್ತಾನೆ."

ಆಮೇಲೆ ನನಗೆ ಅನ್ನ ಸೇರಲಿಲ್ಲ. ಇಂಜಿನ್ ಮೈಸೂರಿನ ಶೆಡ್ಡಿಗೆ ಬಂದಿದೆ ಎಂದು ಮಿಸ್ತ್ರಿ ಫೋನ್ ಮಾಡಿದ ದಿನ ಮಗಳು ರತ್ನಳನ್ನು ಕರೆದುಕೊಂಡು ಹೊರಟೆ.

ಶೆಡ್ಡಿನಲ್ಲಿ ಇಂಜಿನ್ನಿನ ನಂಬರ್ ನೋಡಿ ಹಾಲಿನ ತಂಬಿಗೆ ಎತ್ತಿದೆ. ಮಿಸ್ತ್ರಿ ಹಳೆಯ ರಿಜಿಸ್ಟರ್ ಹಿಡಿದು ಓಡಿ ಬಂದರು. "ನಿಲ್ಲಿ ಅಕ್ಕ! ನಾನೂ ಈಗಲೇ ನೋಡಿದ್ದು. ಅಡಿಭಾಗ ಮಾತ್ರ ಅದೇ. ಚಾಲಕರು ಕೂರೋ ಮುಂದಿನ ಕ್ಯಾಬ್ ಬೇರೆಯದು."

"ಹಾಗಾದ್ರೆ ಅವ್ರು ಕೂತಿದ್ದದ್ದು?"

"ತಟ್ಟಿ ನೆಟ್ಟಗೆ ಮಾಡಿ ಇನ್ನೊಂದು ಇಂಜಿನ್ನಿಗೆ ಬೆಸೆದಿದ್ದಾರೆ. ಅದು ಹಿಂದಿನ ಲೈನಿನಲ್ಲಿದೆ. ನಾಳಿದ್ದು ಗುಜರಿಗೆ ಕತ್ತರಿಸ್ತಾರೆ."

ಹುಲ್ಲು ಬೆಳೆದ ಹಳಿಯ ಮೇಲೆ ಅದು ನಿಂತಿತ್ತು. ಹತ್ತಿ ನೋಡಿದರೆ ಒಳಗೆಲ್ಲ ಬೆರಳುದ್ದ ಧೂಳು, ಪಾರಿವಾಳದ ಹಿಕ್ಕೆ. ಆಚೆ ಬದಿಯ ಸೀಟು ಮಾತ್ರ ಈಗಷ್ಟೇ ಯಾರೋ ಎದ್ದುಹೋದ ಹಾಗೆ ಚೊಕ್ಕಟವಾಗಿತ್ತು. ಸಹಾಯಕ ಕೂರುವ ಕಡೆ ಅದೇ. ಮಿಸ್ತ್ರಿ ನೋಡಿ ಮೆಲ್ಲಗೆ ಕೆಳಗಿಳಿದರು. ನಾನು ಹಾಲೆರೆದು, "ಬನ್ನಿ, ಮನೆಗೆ ಹೋಗೋಣ" ಎಂದೆ.

ವಾಪಸ್ಸು ಬರಲು ಮೈಸೂರಿನಿಂದ ಮಧ್ಯಾಹ್ನದ ಬಸ್ಸು. ಕಿಟಕಿಯ ಸೀಟು ಖಾಲಿ ಬಿಟ್ಟು ನಾವಿಬ್ಬರೂ ಕೂತೆವು. ನಾಲ್ಕು ಜನರ ಮುಂದೆ ಬಾಯಿ ತೆರೆಯದ ನಾನು ದಾರಿ ಹೇಳಲೇಬೇಕಿತ್ತು. "ಗುಂಡ್ಲುಪೇಟೆ ಬಂತು. ಇನ್ನು ಕಾಡು." ಹಿಂದಿನಿಂದ ಒಬ್ಬ, "ಕಂಡಕ್ಟರ್ ಸಾರ್, ನಿಮ್ಮ ಕೆಲ್ಸ ಹೋಯ್ತು, ಅಜ್ಜಿ ಬಂದ್ರು!" ಎಂದ. ಬಸ್ಸೆಲ್ಲ ನಕ್ಕಿತು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವರು ಕಾಡಿನಲ್ಲೇ ಉಳಿದಾರು ಎಂಬ ಭಯ.

ಕೇರಳದ ಗಡಿ ದಾಟಿ ಮುತ್ತಂಗದಲ್ಲಿ ಕಾಡಿನ ಹಾಡಿಯ ಹೆಂಗಸೊಬ್ಬಳು ಹತ್ತಿದಳು. ಮಲಯಾಳಿ ಕಂಡಕ್ಟರ್, "ಚೇಚಿ, ಅಲ್ಲಿ ಸೀಟ್ ಉಂಟಲ್ಲ, ಕೂರಿ" ಎಂದ. ಅವಳು ಎರಡು ಹೆಜ್ಜೆ ಬಂದವಳು ಕಿಟಕಿಯ ಕಡೆ ನೋಡಿ ನಿಂತಳು.

"ಆಳ್ ಕೂತವ್ರಲ್ಲ. ಕಣ್ಣು ಕಾಣಲ್ವಾ ನಿಂಗೆ?"

ಈ ಸಲ ಯಾರೂ ನಗಲಿಲ್ಲ. ರತ್ನ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಕಲ್ಲೂರು ಬಂತು, ಇಳೀರಿ" ಎಂದೆ. ರತ್ನ ಇಳಿದಳು, ನಾನು ಇಳಿದೆ. ತಿರುಗಿ ನೋಡಿದರೆ ಆ ಹೆಂಗಸು ಸೆರಗು ಬಿಗಿಹಿಡಿದು ಇನ್ನೂ ದಾರಿ ಬಿಟ್ಟುಕೊಂಡೇ ನಿಂತಿದ್ದಳು. ಒಂದು ಗಳಿಗೆ ಬಿಟ್ಟು ಹೋಗಿ ಆ ಸೀಟಿನಲ್ಲಿ ಕೂತಳು.

ಅವಳನ್ನು ಒಂದು ಮಾತು ಕೇಳಬೇಕಿತ್ತು, ಅವರು ಹೇಗೆ ಕಾಣುತ್ತಿದ್ದರು ಎಂದು. ನಾಚಿಕೆಯಿಂದ ಕೇಳಲಿಲ್ಲ. ಆ ಕೊರಗೊಂದು ಉಳಿದಿದೆ, ಬೇರೆ ಕೊರಗಿಲ್ಲ.