ಕಾಕಾನ ಕುಂಟು ಹೆಜ್ಜೆ

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಸಿಮೆಂಟು ಕಚ್ಚಿ ಬೂದು ಬಣ್ಣಕ್ಕೆ ತಿರುಗಿತ್ತು. ಎಡಗಾಲು, ಒಂದು ಬಿಲ್ಡಿಂಗಿನ ಸಾರುವೆಯಿಂದ ಬಿದ್ದಂದಿನಿಂದ, ಒಂದಿಂಚು ಗಿಡ್ಡ. ಇಂಥ ಎರಡು ಕಾಲಿಟ್ಟುಕೊಂಡು ಗಾರೆ ಕೆಲಸದ ಆ ಗೌಂಡಿ ಕಾಕಾ ಮುಂಬಯಿಯ ಕಾಂದಿವಲಿಯ ಮೈದಾನದಲ್ಲಿ ನಮಗೆ ರಗ್ಬಿ ಚೆಂಡು ಒದೆಯುವುದನ್ನು ಕಲಿಸಿದರು.

ವಿಜಯಪುರದ ಕಡೆಯವರು. ಯಾವುದೋ ರಗ್ಬಿ ಕ್ಲಬ್ಬಿನ ಕಾಂಪೌಂಡು ಕಟ್ಟುವಾಗ, ಹೊರಗೆ ಬಿದ್ದ ಚೆಂಡುಗಳನ್ನು ಒಳಕ್ಕೆ ಒದ್ದೂ ಒದ್ದೂ ಕಲಿತದ್ದಂತೆ. “ಗ್ವಾಡಿ ಏರಿದಂಗ ನನ್ನ ಕಿಕ್ಕೂ ಏರಿತು” ಎನ್ನುತ್ತಿದ್ದರು.

ಪಾಠಕ್ಕೂ ಗೌಂಡಿ ಸಾಮಾನೇ. ಚೆಂಡು ನೆಲ ಮುಟ್ಟಿ ಪುಟಿಯುವ ಕ್ಷಣಕ್ಕೆ ಒದೆಯಬೇಕಾದ ಡ್ರಾಪ್ ಕಿಕ್ಕಿಗೆ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡನ್ನು ನನ್ನ ಮೂಗಿನ ಮುಂದೆ ಇಳಿಬಿಡುವರು. “ಚೆಂಡ ಒಗೀಬ್ಯಾಡೋ, ಕೈ ಬಿಡು. ಈ ಗುಂಡಿನಂಗ ಸೀದಾ ಇಳೀಲಿ.” ನೆಲ ಸವರಿಕೊಂಡು ಉರುಳುವ ಗ್ರಬ್ಬರ್ ಅವರ ಬಾಯಲ್ಲಿ ‘ಗಿಲಾವು’, ಗೋಡೆಗೆ ಸವರುವ ಗಾರೆ. ನಿಲ್ಲಿಸಿ ಒದೆಯುವ ಚೆಂಡಿಗೆ ಆಸರೆಯಾಗಿಡುವ ಪ್ಲಾಸ್ಟಿಕ್ ‘ಟೀ’ ಅವರಿಗೆ ಒಗ್ಗದು. ಸೈಟಿನಿಂದ ಚೀಲದಲ್ಲಿ ತಂದ ಒದ್ದೆ ಮರಳನ್ನು ಗುಪ್ಪೆ ಮಾಡಿ ಅದರ ಮೇಲೆ ಕೂರಿಸುವರು.

ನಾನು ಕಲಿಯುವುದಕ್ಕಿಂತ ನಕಲು ಮಾಡುವುದರಲ್ಲಿ ಮುಂದು. ಲೋಕಲ್ ರೈಲಿನ ಅನೌನ್ಸ್‌ಮೆಂಟು, ಸೊಸೈಟಿ ಸೆಕ್ರೆಟರಿಯ ಕೆಮ್ಮು, ಹುಡುಗಿಯರು ಬಂದರೆ ಹೊಟ್ಟೆ ಒಳಗೆಳೆದುಕೊಳ್ಳುವ ನನ್ನನ್ನೇ, ಯಾರನ್ನೂ ಬಿಟ್ಟವನಲ್ಲ. ಕಾಕಾ ನನ್ನನ್ನು ಕರೆಯುತ್ತಿದ್ದುದೇ ‘ನಕಲಿ’ ಎಂದು. ಒಂದು ದಿನ ಅವರು ಚಹಾಕ್ಕೆ ಹೋದಾಗ ಅವರ ಓಟವನ್ನೇ ಮಾಡಿ ತೋರಿಸಿದೆ. ಎರಡು ಹೆಜ್ಜೆ, ಮೂರನೆಯದಕ್ಕೆ ಎಡಗಾಲು ಕುಸಿದು ಸೊಂಟ ವಾಲಿ, ಆಮೇಲೆ ಒದೆತ. ಹುಡುಗರು ನೆಲಕ್ಕೆ ಬಿದ್ದು ನಕ್ಕರು. ಚೆಂಡು ಎರಡು ಕಂಬಗಳ ನಟ್ಟನಡುವೆ ಹೋಯಿತು. ತಿರುಗಿ ನೋಡಿದರೆ ಚಹಾದ ಗ್ಲಾಸು ಹಿಡಿದು ಕಾಕಾ ನಿಂತಿದ್ದರು. ಗ್ಲಾಸು ಕೆಳಗಿಟ್ಟು ಇನ್ನೊಂದು ಚೆಂಡಿಗೆ ಮರಳು ಹಾಕಿದರು, ಅಷ್ಟೇ.

ನಾಚಿಕೆಯಾಗಿ ಅಂದಿನಿಂದ ಕುಂಟುವುದನ್ನು ಬಿಟ್ಟೆ. ಚೆಂಡು ಮತ್ತೆ ಅಡ್ಡಾದಿಡ್ಡಿ ಹೋಗತೊಡಗಿತು.

ದಹಿಸರ್ ತಂಡದೊಡನೆ ಮ್ಯಾಚಿನ ದಿನ, ಮುಂಬಯಿಯ ಜೂನಿಯರ್ ತಂಡಕ್ಕೆ ಕಿಕ್ಕರ್ ಹುಡುಕಲು ಆಯ್ಕೆದಾರರು ಬಂದು ಕೂತಿದ್ದರು. ನನ್ನ ಎರಡು ಕಿಕ್ ಆಗಲೇ ಹೊರಗೆ. ಎರಡು ಅಂಕ ಹಿಂದಿದ್ದೆವು, ಕೊನೆಗೊಂದು ಮೂರು ಅಂಕದ ಪೆನಾಲ್ಟಿ ಸಿಕ್ಕಿತು. ಇದು ಕಂಬಗಳ ನಡುವೆ ಹೋದರೆ ಗೆಲುವು, ನನಗೂ ತಂಡದಲ್ಲಿ ಜಾಗ. ಹೋಗದಿದ್ದರೆ ಅಪ್ಪ ಹೇಳಿದಂತೆ ಆಟ ಬಿಟ್ಟು ಟ್ಯೂಷನ್ನು. ಮರಳು ತಂದವರು ಕಾಕಾ.

“ನಕಲಿ, ನನ್ನಂಗ ಒದಿ.”

“ಎಲ್ರೂ ನಗ್ತಾರೆ, ಕಾಕಾ.”

“ನಕ್ಕರ ನನ್ನ ಕಾಲಿಗೆ ನಗ್ತಾರ. ನಿನ್ನ ಗಂಟೇನ ಹೋಗತೈತಿ? ಕುಂಟು.”

ಕುಂಟಿದೆ. ಎಲ್ಲರೂ ನಕ್ಕರು, ಆಯ್ಕೆದಾರರೂ. ಆ ಕುಸಿತದಲ್ಲಿ ಅವಸರವೆಲ್ಲ ಇಳಿದು, ನನ್ನ ತಲೆ ತಗ್ಗಿ ಚೆಂಡಿನ ಮೇಲೇ ಇತ್ತು. ಚೆಂಡು ಕಂಬಗಳ ನಡುವೆ ದಾಟುವಾಗ ಕಾಕಾ ಅತ್ತ ನೋಡಲೂ ಇಲ್ಲ. ಬಗ್ಗಿ, ಉಳಿದ ಮರಳನ್ನು ಚೀಲಕ್ಕೆ ತುಂಬುತ್ತಿದ್ದರು.

“ಹೋಯ್ತು, ಕಾಕಾ.”

“ಗೊತ್ತೈತಿ. ಸಪ್ಪಳದಾಗ ತಿಳೀತು.”

ಹೋದ ವರ್ಷ ಕಾಕಾ ಕಾಮಾಲೆಯಾಗಿ ತೀರಿಕೊಂಡರು. ನಾನೀಗ ಭಾನುವಾರಗಳಂದು ಮಲಾಡಿನಲ್ಲಿ ಚಿಕ್ಕ ಮಕ್ಕಳಿಗೆ ಕಿಕ್ ಕಲಿಸುತ್ತೇನೆ. ಎರಡೂ ಕಾಲು ಸರಿಯಿರುವ, ಕಾಕಾನನ್ನು ಕಂಡೇ ಇರದ ಆ ಮಕ್ಕಳೆಲ್ಲ ಒದೆಯುವ ಮುಂಚೆ ಒಂದು ಹೆಜ್ಜೆ ಕುಂಟುತ್ತಾರೆ. ಮೊನ್ನೆ ಒಬ್ಬ ತಾಯಿ ಗಾಬರಿಯಿಂದ ಬಂದು, ಮಗಳ ಎಡಗಾಲಿಗೆ ಏನಾಯಿತೆಂದು ಕೇಳಿದರು.

ಏನೂ ಆಗಿಲ್ಲ, ಸರಿಯಾಗಿ ಕಲಿತಿದ್ದಾಳೆ ಎಂದೆ.